ಪಟ್ಟದ ಗೊಂಬೆಗೆ ಕಾರ್ಪೆಟ್ ಏರಿಯಾ ಎಷ್ಟು?

"ನನ್ನ ಕೈಲಿ ಇನ್ನು ಆಗಲ್ಲ ಕಣೇ, ಈ ಸಲದಿಂದ ನೀನೇ ಕೂರಿಸು" ಅಂತ ಅಮ್ಮ ಮೈಸೂರಿನಿಂದ ದಸರಾ ಗೊಂಬೆಗಳನ್ನೆಲ್ಲ ಬೆಂಗಳೂರಿಗೆ ಸಾಗಹಾಕಿದಳು. ಮೂರು ಟ್ರಂಕು. ಪಟ್ಟದ ರಾಜ-ರಾಣಿ, ಕಿನ್ನಾಳದ ಗೌರಿ, ಚನ್ನಪಟ್ಟಣದ ಬ್ಯಾಂಡ್‌ಸೆಟ್, ಅಕ್ಕಿ-ಬೇಳೆ ಹರಡಿಕೊಂಡು ಕೂರುವ ಶೆಟ್ಟರು-ಶೆಟ್ಟಮ್ಮ, ಜಂಬೂಸವಾರಿಯ ಇಡೀ ಪಟಾಲಂ. ಜೊತೆಗೆ ಒಂಬತ್ತು ಮೆಟ್ಟಿಲಿನ ಮರದ ಸ್ಟ್ಯಾಂಡು.

ಒಂದೊಂದು ಮೆಟ್ಟಿಲು 10 ಇಂಚು. ಒಂಬತ್ತಕ್ಕೆ ಏಳೂವರೆ ಅಡಿ. ನಮ್ಮ ಹಾಲಿನ ಅಗಲ ಹತ್ತೇ ಅಡಿ. ಉಳಿದ ಎರಡೂವರೆ ಅಡಿಯಲ್ಲಿ ಸೋಫಾ, ಟೀವಿ, ಗಂಡ, ಇಬ್ಬರು ಮಕ್ಕಳು, ಅರಿಶಿನ-ಕುಂಕುಮಕ್ಕೆ ಬರುವವರು.

ಹಾಗಂತ ಮನೆ ಚಿಕ್ಕದೇನಲ್ಲ. ಬಿಲ್ಡರ್ ಕೊಟ್ಟ ಬ್ರೋಷರ್ ಪ್ರಕಾರ 1,180 ಚದರ ಅಡಿ, ಸೂಪರ್ ಬಿಲ್ಟ್-ಅಪ್. ಬಾಗಿಲು ಹಾಕ್ಕೊಂಡು ಟೇಪು ಹಿಡಿದರೆ 790. ಮಿಕ್ಕ 390 ಹೊರಗಡೆ ಇದೆಯಂತೆ. ಲಿಫ್ಟಿನಲ್ಲಿ ಸ್ವಲ್ಪ, ಕಾರಿಡಾರಿನಲ್ಲಿ ಸ್ವಲ್ಪ, ಕ್ಲಬ್‌ಹೌಸಿನಲ್ಲಿ ಸ್ವಲ್ಪ. ಬಿಲ್ಡರುಗಳಿಗೆ ಮೂಗುದಾರ ಹಾಕುವ 2016ರ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸೋಕೆ ಸಿಗುವ ಜಾಗ, ಎಷ್ಟು ಅಂತ ಬಿಲ್ಡರ್ ಹೇಳಲೇಬೇಕು. ಅದರಲ್ಲೂ ಒಳಗೋಡೆಗಳ ದಪ್ಪ ಸೇರಿಕೊಂಡಿರುತ್ತದೆ. ಗೋಡೆಯೊಳಗೆ ಕಾರ್ಪೆಟ್ ಹಾಸುವ ಪುಣ್ಯಾತ್ಮರು ಯಾರೋ!

ನಮ್ಮ ಮಣ್ಣಿನ ಶೆಟ್ಟರು ಎಷ್ಟೋ ವಾಸಿ. ಒಂದು ಸೇರು ಅಕ್ಕಿ ಅಂದರೆ ಒಂದು ಸೇರು ಅಕ್ಕಿ. ಅಂಗಡಿ ಜಗಲಿ, ಗಲ್ಲಾಪೆಟ್ಟಿಗೆ, ಪಕ್ಕದಲ್ಲಿ ಕೂತ ಶೆಟ್ಟಮ್ಮ ಎಲ್ಲವನ್ನೂ ಸೇರಿಸಿ "ಸೂಪರ್ ಸೇರು" ಅಂತ ದುಡ್ಡು ಕೇಳುವುದಿಲ್ಲ.

ಜಂಬೂಸವಾರಿಯದು ಇನ್ನೊಂದು ಗೋಳು. ನನ್ನ ಆನೆ ಅರ್ಧ ಅಡಿ ಎತ್ತರ. ನಿಜವಾದ ಆನೆ ಒಂಬತ್ತಡಿ ಅಂತಿಟ್ಟುಕೊಂಡರೆ ಹದಿನೆಂಟರಲ್ಲಿ ಒಂದು ಪಾಲು. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಅದೇ ಅಳತೆಗೆ ಇಳಿಸಿದರೂ ನನಗೆ 278 ಮೀಟರ್ ರಸ್ತೆ ಬೇಕು. ಇರುವುದು ಚಪ್ಪಲಿ ಸ್ಟ್ಯಾಂಡಿನ ಮೇಲಿನ ಮೂರಡಿ. ಅಂಬಾರಿ ಆನೆ ಎರಡು ಹೆಜ್ಜೆ ಇಡುವಷ್ಟರಲ್ಲಿ ದಸರಾ ಮುಗಿದೇಹೋಯಿತು.

ಹೊರಗಿರುವ ನನ್ನ 390 ಅಡಿಯಲ್ಲಿ ಒಂದೈವತ್ತು ಅಡಿ ಹತ್ತು ದಿನದ ಮಟ್ಟಿಗೆ ಬಳಸಿಕೊಳ್ಳುತ್ತೇನೆ, ಲಾಬಿಯಲ್ಲಿ ಗೊಂಬೆ ಕೂರಿಸುತ್ತೇನೆ ಅಂತ ಅಸೋಸಿಯೇಷನ್‌ಗೆ ಬರೆದೆ. ಎರಡೇ ದಿನದಲ್ಲಿ ಉತ್ತರ ಬಂತು. (ನೀರು ಸೋರುವ ಬಗ್ಗೆ ಬರೆದದ್ದಕ್ಕೆ ಇನ್ನೂ ಬಂದಿಲ್ಲ.) ಲಾಬಿ ಎಲ್ಲರಿಗೂ ಸೇರಿದ್ದು, ಆದ್ದರಿಂದ ಯಾರೂ ಬಳಸುವಂತಿಲ್ಲ. ಬೆಂಕಿ ಬಿದ್ದರೆ ಗೊಂಬೆಗಳು ದಾರಿಗೆ ಅಡ್ಡ. ಪಾರ್ಕಿಗೆ ಅಂತ ರಾಗಿ ಚೆಲ್ಲಿದ ತಟ್ಟೆಯಿಂದ ಸೊಳ್ಳೆ. ಸರಿ, ದುಡ್ಡು ಕೊಟ್ಟವಳು ನಾನು, ಓಡಾಡುವುದು ಪಿಜ್ಜಾ ಹುಡುಗ.

ಫ್ಲಾಟ್ ಬುಕ್ ಮಾಡಿದ ದಿನ ನೆನಪಾಯಿತು. ಸೇಲ್ಸ್ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಇಡೀ ಅಪಾರ್ಟ್‌ಮೆಂಟನ್ನು ಕೂರಿಸಿದ್ದರು. ಸ್ಪಂಜಿನ ಮರ, ನೀಲಿ ಈಜುಕೊಳ, ಅಂಚಿನಲ್ಲಿ ಕಾಲು ಚಾಚಿ ಮಲಗಿದ ಕಿರುಬೆರಳಿನಷ್ಟು ಹೆಂಗಸು. ಸುತ್ತ ಬೇರೆ ಕಟ್ಟಡವೇ ಇಲ್ಲ, ಬರೀ ಹಸಿರು. ಆ ಪೆಟ್ಟಿಗೆ ಹನ್ನೆರಡಡಿ ಉದ್ದ ಇತ್ತು, ಹತ್ತಡಿ ಅಗಲ. ನಾವು ನಾಲ್ಕೂ ಜನ ಅದರ ಸುತ್ತ ಆರಾಮಾಗಿ ಪ್ರದಕ್ಷಿಣೆ ಬಂದೆವು. ಒಂಬತ್ತು ಮೆಟ್ಟಿಲು ಹಿಡಿಸುವ ಜಾಗ ಆ ಪ್ರಾಜೆಕ್ಟಿನಲ್ಲಿ ಅದೊಂದೇ ಅಂತ ಆಗ ಹೊಳೆಯಲಿಲ್ಲ ನೋಡಿ.

ಕೊನೆಗೆ ಮೂರು ಮೆಟ್ಟಿಲು ಹಾಕಿದೆ. ಬ್ಯಾಂಡ್‌ಸೆಟ್ ಫ್ರಿಜ್ಜಿನ ಮೇಲೆ. ಗೌರಿ ಟೀವಿ ಪಕ್ಕ. ಶೆಟ್ಟರನ್ನು ಅಡುಗೆಮನೆ ಕಟ್ಟೆಗೆ ಕಳಿಸಿದೆ, ಒಗ್ಗರಣೆ ಹಾಕುವಾಗ ಅವರದೇ ಉದ್ದಿನಬೇಳೆ ಸಾಲ ತಗೊಂಡೆ. ಸಂಜೆ ಅಮ್ಮನ ವಿಡಿಯೋ ಕಾಲ್.

"ಮಿಕ್ಕ ಆರು ಮೆಟ್ಟಿಲು ಎಲ್ಲೇ?"

ಬಾಗಿಲು ತೆಗೆದು ಖಾಲಿ ಲಾಬಿ ತೋರಿಸಿದೆ. "ಅಲ್ಲಿದೆ ಅಮ್ಮ. ಸೂಪರ್ ಬಿಲ್ಟ್-ಅಪ್."