ಬೋರಲು ಹಾಕಿದ ಹರಗೋಲು

ನನ್ನದೊಂದು ದೋಣಿ ಇದೆ ಅಂದರೆ ಜನ ಒಂದು ಗಳಿಗೆ ನನ್ನನ್ನು ಬೇರೆ ಥರ ನೋಡುತ್ತಾರೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನಿಗೆ ದೋಣಿಯೇ! ಅದು ಹರಗೋಲು ರೀ, ಬುಟ್ಟಿ ಥರ ದುಂಡಗಿರುತ್ತಲ್ಲ, ಅಂದ ಕೂಡಲೇ ಆ ನೋಟ ಅರ್ಧ ಇಳಿಯುತ್ತದೆ. ಅದೂ ಹಳೇದು, ಒಬ್ಬರು ಬಳಸಿ ಬಿಟ್ಟದ್ದು ಅಂದರೆ ಮಾತು ಭತ್ತದ ರೇಟಿಗೆ ಹೊರಳುತ್ತದೆ.

ಕೊಂಡದ್ದು ಆನೆಗೊಂದಿಯಲ್ಲಿ, ಒಬ್ಬ ಅಂಬಿಗರ ಅಜ್ಜನಿಂದ. ಅಜ್ಜ ಮೊದಲು ದಿನವಿಡೀ ತುಂಗಭದ್ರೆಯ ಆಚೆ ದಡದ ತಳವಾರಘಟ್ಟಕ್ಕೆ ಜನರನ್ನು ದಾಟಿಸುತ್ತಿದ್ದ. ಜನ, ಹಾಲಿನ ಕ್ಯಾನು, ಬೈಕು, ಎಲ್ಲಾ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಜೀವಗಳು ಹೋದವು. ಮತ್ತೆಷ್ಟೋ ವರ್ಷ ಹರಗೋಲೇ ಗತಿಯಾಯಿತು. ಕೊನೆಗೆ ಕಡೆಬಾಗಿಲು-ಬುಕ್ಕಸಾಗರ ಸೇತುವೆ ಬಂತು. ಜನ ಮೇಲಿನಿಂದಲೇ ಬುರ್ರನೆ ಹೋಗತೊಡಗಿದರು. ಈಗ ಅಜ್ಜನ ಮಗ ಆಟೋ ಇಟ್ಟುಕೊಂಡು ಅಂಜನಾದ್ರಿಗೆ ಬರುವವರನ್ನು ತಿರುಗಿಸುತ್ತಾನೆ. ಮೂರು ಹರಗೋಲಿನಲ್ಲಿ ಒಂದನ್ನು ಅಜ್ಜ ನನಗೆ 3,500 ರೂಪಾಯಿಗೆ ಕೊಟ್ಟ.

"ತಳ ಗಟ್ಟಿ ಐತಿ ಗುಮಾಸ್ತರ. ಸೋರೂದು ಸೋರತೈತಿ, ಆದ್ರ ಮುಳುಗಂಗಿಲ್ಲ" ಅಂದ.

ಹಳೆ ದೋಣಿ ಮಾರುವವರು ಇಷ್ಟು ನಿಜ ಹೇಳುವುದು ಅಪರೂಪ ಅಂತ ಆಮೇಲೆ ನನ್ನ ಅಕ್ಕನ ಮಗ ಹೇಳಿದ. ಅವನಿಗೆ ಗೊತ್ತಿರುತ್ತದೆ. ಅವನು ಗೋವಾದಲ್ಲಿ ಒಂದು ಹಳೆ ಯಾಟ್ ನೋಡಿಕೊಳ್ಳುತ್ತಾನೆ. ಹಾಯಿ ಇರುವ ಫೈಬರ್ ದೋಣಿ, ವಯಸ್ಸು ನಲವತ್ತರ ಹತ್ತಿರ, ಉದ್ದ 36 ಅಡಿ. ನನ್ನದು ಏಳಡಿ ಅಗಲ. ಉದ್ದವೂ ಅಷ್ಟೇ, ದುಂಡಗಿದೆಯಲ್ಲ.

ಗಿರಣಿಯ ಚಟ ನೋಡಿ, ಹರಗೋಲಿಗೂ ಒಂದು ಪುಸ್ತಕ ಇಟ್ಟಿದ್ದೇನೆ. ಮೂರು ವರ್ಷದಲ್ಲಿ ಅದು ನೀರಿನ ಮೇಲೆ ಇದ್ದದ್ದು 41 ದಿನ. ನಾನು ದಡದಲ್ಲಿ ಅದರ ಪಕ್ಕ ಕೂತು ಏನಾದರೂ ಬಡಿದದ್ದು, ಹೊಲಿದದ್ದು, ಬಳಿದದ್ದು 118 ದಿನ. ಉಳಿದ ದಿನ ಅದು ಬೋರಲಾಗಿ ಮಲಗಿರುತ್ತದೆ. ರಿಪೇರಿಗೆ 9,260 ರೂಪಾಯಿ ಹೋಗಿದೆ. ಚಹಾ-ಮಿರ್ಚಿಯದ್ದು ಬರೆದಿಲ್ಲ. ಬರೆದರೆ ಮನೆಯಲ್ಲಿ ಓದುವವರಿದ್ದಾರೆ.

ಸೋರಿಕೆ ಹುಡುಕುವುದು ಒಂದು ವಿದ್ಯೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಎಲ್ಲಾ ಕರೀ ಡಾಂಬರು. ಬಿಸಿಲು ನೆತ್ತಿಗೆ ಬಂದ ಮೇಲೆ ಬೋರಲು ಹಾಕಿದ ಹರಗೋಲಿನ ಕೆಳಗೆ ನುಸುಳಬೇಕು. ಒಳಗೆ ಕತ್ತಲು, ಡಾಂಬರಿನ ವಾಸನೆ, ಸೆಕೆ. ಕಣ್ಣು ಹೊಂದಿಕೊಂಡ ಮೇಲೆ ಬಿದಿರ ದಬ್ಬೆಗಳ ನಡುವೆ ಚುಕ್ಕಿ ಚುಕ್ಕಿ ಬೆಳಕು ಕಾಣುತ್ತದೆ. ಮೊದಲ ಸಲ ನಾನು ಒಳಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹೊರಗೆ ಬಂದು ಪೆದ್ದನ ಹಾಗೆ ನಿಂತೆ. ಗುರುತು ಒಳಗಿದೆ, ತೇಪೆ ಹಾಕಬೇಕಾದದ್ದು ಹೊರಗೆ! ಅಜ್ಜ ನಗಲಿಲ್ಲ. ಸುಮ್ನೆ ಒಂದು ಹಿಡಿ ಕಸಬರಿಗೆ ಕಡ್ಡಿ ಕೈಗಿಟ್ಟ. ತೂತಿಗೊಂದು ಕಡ್ಡಿ ಒಳಗಿನಿಂದ ಚುಚ್ಚಿ ಹೊರಗೆ ಬಂದರೆ ಹರಗೋಲು ಮುಳ್ಳುಹಂದಿಯ ಹಾಗೆ ನಿಂತಿತ್ತು. ಎಣಿಸಿದೆ, 23.

ಹಿಂದೆ ಹರಗೋಲಿಗೆ ತೊಗಲು ಹೊದಿಸುತ್ತಿದ್ದರು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು ಹೊದಿಸಿ ಡಾಂಬರು ಬಳಿಯುತ್ತಾರೆ. ಚೀಲ, ದಬ್ಬಣ, ಸುತಳಿ ಇವೆಲ್ಲಾ ಗಿರಣಿಯವನಿಗೆ ಮನೆಯ ಸಾಮಾನಿದ್ದ ಹಾಗೆ. ನಮ್ಮ ಹಮಾಲರ ಹತ್ತಿರ ಹೊಲಿಗೆ ಕಲಿತೆ. ತೇಪೆಯ ಮೇಲೆ ತೇಪೆ ಬಿದ್ದು ನನ್ನ ಹರಗೋಲಿನ ತಳ ಈಗ ನಮ್ಮವ್ವ ಹೊಲಿದ ಕೌದಿಯ ಹಾಗಿದೆ. ಬಣ್ಣ ಮಾತ್ರ ಒಂದೇ.

ಕಷ್ಟವಿರುವುದು ಡಾಂಬರಿನಲ್ಲಿ. ಗಟ್ಟಿ ಡಾಂಬರನ್ನು ಹಳೆ ತಗಡಿನ ಡಬ್ಬಿಯಲ್ಲಿ ಹಾಕಿ ಜಾಲಿ ಕಟ್ಟಿಗೆಯ ಮೇಲೆ ಕಾಯಿಸುತ್ತೇವೆ. ಕಾವು ಜಾಸ್ತಿಯಾದರೆ ನೀರಿನ ಹಾಗೆ ಹರಿದು ನೆಲಕ್ಕೆ ಬೀಳುತ್ತದೆ. ಕಡಿಮೆಯಾದರೆ ಗಂಟುಗಂಟಾಗಿ ನಿಲ್ಲುತ್ತದೆ. ಅಜ್ಜ ಒಂದು ಕಡ್ಡಿ ಅದ್ದಿ ಎತ್ತುತ್ತಾನೆ. ತುದಿಯಿಂದ ಎಳೆ ಇಳಿಯುವುದನ್ನು ನೋಡುತ್ತಾನೆ. ಶೇಂಗಾ ಉಂಡಿಗೆ ಬೆಲ್ಲದ ಪಾಕ ನೋಡುವವರ ಮುಖವೇ ಅದು, ತುಟಿ ಸ್ವಲ್ಪ ಮುಂದೆ, ಹುಬ್ಬು ಮೇಲೆ. "ಇನ್ನೊಂಚೂರು" ಅನ್ನುತ್ತಾನೆ. ಮತ್ತೆ ಅದ್ದುತ್ತಾನೆ. ಎಳೆ ತುಂಡಾಗದೆ ನೆಲ ಮುಟ್ಟಿದರೆ "ಹ್ಞಾಂ, ಹಚ್ಚ್ರಿ". ಆಗ ಕೋಲಿಗೆ ಸುತ್ತಿದ ಅರಿವೆಯಿಂದ ಲಗುಬಗೆಯಲ್ಲಿ ಬಳಿಯಬೇಕು. ತಳ ಒಂಚೂರು ಹಸಿ ಇದ್ದರೂ ಚಟಪಟ ಸಿಡಿಯುತ್ತದೆ. ನನ್ನ ಎಡಗೈ ಮೇಲೆ ಮೂರು ಕಾಳಿನಷ್ಟು ಕಲೆಗಳಿವೆ. ಅವು ಮೊದಲ ವರ್ಷದವು.

ಇಷ್ಟೆಲ್ಲಾ ಮಾಡಿದ ಡಾಂಬರು ಬೇಸಿಗೆಯಲ್ಲಿ ಏನಾಗುತ್ತದೆ? ನಮ್ಮ ಕಡೆ ಬಿಸಿಲು ನಲವತ್ತು ದಾಟಿದರೆ ಅದೂ ಕರಗುತ್ತದೆ. ಒಂದು ಏಪ್ರಿಲ್‌ನಲ್ಲಿ ಬೋರಲು ಹಾಕಿದ ಹರಗೋಲಿನ ಮೇಲೆ ಕೂತು ಆರಾಮವಾಗಿ ಫೋನಿನಲ್ಲಿ ಮಾತಾಡಿದೆ. ಏಳಲು ಹೋದರೆ ನಾನು ಎದ್ದೆ, ಪ್ಯಾಂಟು ಏಳಲಿಲ್ಲ. ಡಾಂಬರು ಬಿಡಿಸಲು ಶೇಂಗಾ ಎಣ್ಣೆ ಒಳ್ಳೆಯದು ಅಂತ ಅಡುಗೆಮನೆಗೆ ಹೋದಾಗ ಮನೆಯವಳು ಡಬ್ಬಿಯನ್ನೇ ಎತ್ತಿಟ್ಟಳು.

"ಒಗ್ಗರಣಿಗೆ ಎಣ್ಣಿ ಇಲ್ಲ, ನಿಮ್ಮ ಪ್ಯಾಂಟಿಗೆ ಬೇಕೇನ್ರಿ? ಮನ್ಯಾಗ ನೀರಿನ ಟಾಂಕಿ ಸೋರಾಕ ಹತ್ತಿ ಆರು ತಿಂಗಳಾತು. ಅದರ ಮ್ಯಾಲ ಒಂದು ಡಾಂಬರ ಹಚ್ಚಬಾರದಾ?"

ಆ ಟಾಂಕಿ ಇನ್ನೂ ಸೋರುತ್ತಿದೆ. ಅದೇನೋ, ಟಾಂಕಿಯ ಕೆಳಗೆ ನುಸುಳಿ ಚುಕ್ಕಿ ನೋಡುವ ಮನಸ್ಸಾಗುವುದಿಲ್ಲ.

ಅಕ್ಕನ ಮಗ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದಾಗ ನಮ್ಮಿಬ್ಬರದ್ದು ಬೇರೆಯೇ ಪುರಾಣ. ತೆಪ್ಪೋತ್ಸವ ನೋಡುತ್ತಾ ನಿಂತವರು ಕೈಮುಗಿಯುತ್ತಿದ್ದರೆ ಇವನು ತೆಪ್ಪದ ತಳಕ್ಕೆ ಏನು ಹಾಕಿದ್ದಾರೆ ಅಂತ ಬಗ್ಗಿ ನೋಡುತ್ತಿದ್ದ. ಅವನ ಯಾಟಿನ ಕಷ್ಟ ಕೇಳಿದರೆ ನನ್ನದು ಏನೂ ಅಲ್ಲ. ಸಮುದ್ರದ ನೀರಿನಲ್ಲಿ ತಳಕ್ಕೆ ಚಿಪ್ಪಿನ ಹುಳ ಅಂಟಿಕೊಂಡು ದೋಣಿಯ ವೇಗವನ್ನೇ ತಿನ್ನುತ್ತವಂತೆ. ಅವು ಅಂಟದ ಹಾಗೆ ವಿಷ ಬೆರೆಸಿದ ಬಣ್ಣ ಬಳಿಯಬೇಕು. ಅದಕ್ಕೆ ದೋಣಿಯನ್ನೇ ಕ್ರೇನಿನಿಂದ ಎತ್ತಿ ದಡದಲ್ಲಿ ನಿಲ್ಲಿಸಬೇಕು. ಎತ್ತಲು ದುಡ್ಡು, ನಿಲ್ಲಿಸಲು ದಿನದ ಲೆಕ್ಕದಲ್ಲಿ ದುಡ್ಡು, ಮತ್ತೆ ಇಳಿಸಲು ದುಡ್ಡು. ನನ್ನದನ್ನು ನಾಲ್ಕು ಹುಡುಗರು ಎತ್ತುತ್ತಾರೆ, ಒಂದು ಪ್ಲೇಟು ಮಿರ್ಚಿಗೆ.

ತಳದ ಲೋಹಕ್ಕೆ ಸತುವಿನ ತುಂಡು ಬಿಗಿದಿರುತ್ತಾರಂತೆ. ಉಪ್ಪುನೀರು ಲೋಹ ತಿನ್ನಲು ಬಂದರೆ ಮೊದಲು ಆ ಸತು ಸವೆಯುತ್ತದೆ, ಕಂಚಿನ ಪ್ರೊಪೆಲರ್ ಉಳಿಯುತ್ತದೆ. ಕಟ್ಟುವ ಮನೆಯ ಮುಂದೆ ದೃಷ್ಟಿಗೊಂಬೆ ತೂಗುಹಾಕಿದ ಹಾಗೆ. ಅರ್ಧಕ್ಕಿಂತ ಸವೆದರೆ ಹೊಸದು ಹಾಕಬೇಕು. ಸವೆಯದೆ ಹೊಸದರ ಹಾಗೇ ಇದ್ದರೆ ಇನ್ನೂ ಚಿಂತೆ, ಅದು ಕೆಲಸವನ್ನೇ ಮಾಡಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಎಂಜಿನ್ನಿನ ಶಾಫ್ಟು ತಳದಿಂದ ಹೊರಗೆ ಹೋಗುವ ಕಡೆ ಗ್ರೀಸು ಹಚ್ಚಿದ ಹುರಿ ಸುತ್ತಿ ಬಿಗಿದಿರುತ್ತಾರೆ. ಹಳೆ ಯಾಟಿನಲ್ಲಿ ಎಂಜಿನ್ ನಡೆಯುವಾಗ ಅಲ್ಲಿಂದ ಹನಿಹನಿ ನೀರು ಬೀಳಲೇಬೇಕಂತೆ. ಬೀಳದಿದ್ದರೆ ಬಿಗಿ ಜಾಸ್ತಿಯಾಯಿತು, ಬಿಸಿಯಾಗಿ ಕೆಟ್ಟುಹೋಗುತ್ತದೆ. "ಅಯ್ಯ, ಇದು ನಮ್ಮ ಹೊಲದ ಪಂಪಿನ ಗ್ಲ್ಯಾಂಡು ಅಲ್ಲೇನೋ?" ಅಂದೆ. "ಅದೇ ಮಾಮಾ, ಹೆಸರು ಮಾತ್ರ ದೊಡ್ಡದು" ಅಂದ. ಹೀಗೆ ಸೇರಿದ ನೀರನ್ನು ಎತ್ತಿ ಹಾಕಲು ಬ್ಯಾಟರಿಯ ಪಂಪು, ಅದಕ್ಕೊಂದು ಫ್ಲೋಟು. ಬ್ಯಾಟರಿ ಇಳಿದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಇವನಿಗೆ ನಿದ್ದೆಯಿಲ್ಲ. ನನ್ನ ಹತ್ತಿರ ಅಡ್ಡ ಕೊಯ್ದ ಎಣ್ಣೆ ಡಬ್ಬಿ ಇದೆ. ಚಾರ್ಜು ಮಾಡುವ ಗೋಜಿಲ್ಲ.

ಇನ್ನು ನೀರಿನ ಮೇಲಿನ ಮಾತು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟಿಸುವ ಈ ಬುಟ್ಟಿ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು-ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತೂ ಬರುತ್ತವೆ ಅಂತ. ಇವು ನೇರ ಹೋಗುವುದಿಲ್ಲ, ಸದಾ ಗಿರ್ರನೆ ತಿರುಗುತ್ತವೆ ಅಂತಲೂ ಬರೆದಿದ್ದಾನೆ. ಐನೂರು ವರ್ಷದ ಮೇಲೆ ನಾನು ಅದನ್ನೇ ಮಾಡಿದೆ. ಮೊದಲ ದಿನ ಹುಟ್ಟು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿದರೆ ಹರಗೋಲು ಬೀಸುಕಲ್ಲಿನ ಹಾಗೆ ತಿರುಗಿತು. ಆನೆಗೊಂದಿ ದಡದ ಚಿಂತಾಮಣಿಯ ಗುಡಿ ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ದಡದ ಮೇಲೆ ಅಜ್ಜ ಬೀಡಿ ಹಚ್ಚಿ ಕೂತಿದ್ದ. ಪಕ್ಕಕ್ಕೆ ಬಡಿಯಬಾರದು, ಹೋಗುವ ಕಡೆ ಮುಖ ಮಾಡಿ, ಮುಂದಿನ ನೀರನ್ನು ಹಾವಿನ ಹಾಗೆ ಬಳುಕಿಸಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ಇದನ್ನು ಅಜ್ಜ ಹೇಳಿದ್ದು ನಾನು ವಾಂತಿ ಮಾಡಿಕೊಂಡ ಮೇಲೆ.

ಬೆಳಗ್ಗೆ ಪೇಪರು ಬಂದರೆ ಮೊದಲು ನೋಡುವುದು ತುಂಗಭದ್ರಾ ಜಲಾಶಯದ ಮಟ್ಟ. ಪೂರ್ತಿ ಮಟ್ಟ 1,633 ಅಡಿ. ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯೂಸೆಕ್. ಷೇರು ಇಟ್ಟವರು ಹೀಗೆ ನೋಡುತ್ತಾರಂತೆ. ಡ್ಯಾಮಿನಿಂದ ನದಿಗೆ ನೀರು ಬಿಟ್ಟರೆ ಹರಗೋಲು ಇಳಿಸಬಾರದು ಅಂತ ಜಿಲ್ಲಾಡಳಿತದ ಆದೇಶ ಬರುತ್ತದೆ. ಬರದಿದ್ದರೂ ಅಂಥ ಹೊತ್ತಿನಲ್ಲಿ ಇಳಿಸುವವನು ಹುಚ್ಚ. ಬಂಡೆಗಳ ನಡುವೆ ನೀರು ಹೇಗೆ ಎಳೆಯುತ್ತದೆ ಅಂತ ಒಮ್ಮೆ ದಡದಲ್ಲಿ ನಿಂತು ನೋಡಿದರೆ ಸಾಕು.

2024ರ ಆಗಸ್ಟ್ 10ರ ಶನಿವಾರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಬೆಳಗಾಗುವುದರೊಳಗೆ ಸುದ್ದಿ ಊರೆಲ್ಲಾ ಹರಡಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ಎಡದಂಡೆ ಕಾಲುವೆ ನಂಬಿದ ಊರು ನಮ್ಮದು. ಭಾನುವಾರ ಗಿರಣಿಯ ಮುಂದೆ ಸೇರಿದವರಿಗೆ ಎರಡನೇ ಬೆಳೆಗೆ ನೀರು ಉಳಿಯುತ್ತೋ ಇಲ್ಲವೋ ಅನ್ನುವುದೊಂದೇ ಮಾತು. ನಾನು ಮೂಲೆಗೆ ಹೋಗಿ ಅಜ್ಜನಿಗೆ ಫೋನು ಮಾಡಿದೆ. "ನಿಮ್ಮ ಬುಟ್ಟಿ ಮ್ಯಾಲ ಒಯ್ದು ಹಾಕೇವಿ, ಹೊತ್ತಾತು. ಇದಕ್ಕ ಫೋನ್ ಮಾಡಿದ್ರೇನು?" ಅಂದ. ನಾಚಿಕೆಯಾಯಿತು. ಸಮಾಧಾನವೂ ಆಯಿತು. ವಾರದೊಳಗೆ ಆ ಜಾಗಕ್ಕೆ ತಾತ್ಕಾಲಿಕ ಗೇಟು ಇಳಿಸಿದರು.

ಆ 41 ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಿದರೆ ಜಂಬವಾಗುತ್ತದೆ. ಡಿಸೆಂಬರ್ ಬೆಳಗ್ಗೆ ನೀರು ತಣ್ಣಗೆ ನಿಂತಿರುವಾಗ ಬಂಡೆಗಳ ಸಂದಿಯಲ್ಲಿ ಹುಟ್ಟು ಒಳಗಿಟ್ಟು ಸುಮ್ನೆ ಕೂರುತ್ತೇನೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲು ಅಂತ ಘೋಷಿಸಿದ್ದಾರೆ. ಒಂದು ದಿನ ಮೂರು ತಲೆಗಳು ನನ್ನಿಂದ ಹತ್ತು ಮಾರು ದೂರದಲ್ಲಿ ಎದ್ದವು. ಒಂದರ ಬಾಯಲ್ಲಿ ಮೀನು. ಅದು ನನ್ನನ್ನೇ ನೋಡುತ್ತಾ ಕರಕರ ಅಗಿಯಿತು. ಆ ಸದ್ದು ಚೆನ್ನಾಗಿ ಕೇಳಿಸಿತು. ಅಷ್ಟರಲ್ಲಿ ಕಾಲು ತಣ್ಣಗಾಯಿತು. ನೋಡಿದರೆ 24ನೇ ತೂತು.

ಈ ವರ್ಷ ದೀಪಾವಳಿ ಮುಗಿದ ಮೇಲೆ ಹೊಳೆ ಇಳಿಯಿತು. ಪೇಪರಿನ ಅಂಕಿ ನೋಡಿ ಭಾನುವಾರ ಡಾಂಬರು, ಕಡ್ಡಿ ಎಲ್ಲಾ ಕಟ್ಟಿಕೊಂಡು ಆನೆಗೊಂದಿಗೆ ಹೋದೆ. ಹರಗೋಲು ಎತ್ತಲು ಹುಡುಗರು ಕೈ ಹಾಕಿದರೆ ಒಳಗಿನಿಂದ ಗುರ್ ಅಂತ ಸದ್ದು. ಬಗ್ಗಿ ನೋಡಿದೆ. ಅಜ್ಜನ ಮನೆಯ ಹತ್ತಿರ ತಿರುಗುವ ಕಂದು ನಾಯಿ, ಅದರ ಹೊಟ್ಟೆಗೆ ಅಂಟಿಕೊಂಡು ಐದು ಮರಿಗಳು. ಇನ್ನೂ ಕಣ್ಣು ಬಿಟ್ಟಿಲ್ಲ. ಸರಿಯಾಗಿ ಬೆಳಕಿನ ಚುಕ್ಕಿಗಳು ಅವುಗಳ ಬೆನ್ನ ಮೇಲೆ ಬಿದ್ದಿದ್ದವು. ಹುಡುಗರು ನನ್ನ ಮುಖ ನೋಡಿದರು. ನಾನು ಅಜ್ಜನ ಮುಖ ನೋಡಿದೆ. ಅಜ್ಜ ಬೀಡಿ ಹಚ್ಚಿದ.

ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಗೋವಾದಿಂದ ಫೋನು ಬಂತು. ಅವನ ಯಾಟು ಮಳೆಗಾಲಕ್ಕೆ ದಡ ಹತ್ತಿದ್ದು ಇನ್ನೂ ಕಂಬದ ಮೇಲೇ ನಿಂತಿದೆಯಂತೆ. ಯಾವುದೋ ರಬ್ಬರ್ ಚಕ್ರ ಹೊರದೇಶದಿಂದ ಬರಬೇಕಂತೆ.

"ನಿಮ್ಮದು ಇಳಿಸಿದ್ರೇನು ಮಾಮಾ?"

"ಇಲ್ಲೋ, ನಮ್ಮದೂ ಒಂದು ತಿಂಗಳಾಗ್ತೈತಿ."

"ಏನು, ತಳ ಹೋಗೇತೇನು?"

"ತಳ ಗಟ್ಟಿ ಐತಿ" ಅಂದೆ. "ಒಳಗ ಮಂದಿ ಅದಾರ."