ಮೊದಲ ರೇಡಿಯೋ ಕೇಂದ್ರ ಮೈಸೂರಿನದೇ?

"ಭಾರತದ ಮೊದಲ ರೇಡಿಯೋ ಕೇಂದ್ರ ಶುರುವಾದದ್ದು ಮೈಸೂರಿನಲ್ಲಿ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಇದು ಸರಿಯಲ್ಲ. ಬಾಂಬೆಯ ರೇಡಿಯೋ ಕ್ಲಬ್ 1923ರಲ್ಲೇ ಪ್ರಸಾರ ಮಾಡಿತ್ತು. 1927ರಲ್ಲಿ ಬಾಂಬೆ, ಕಲ್ಕತ್ತಗಳಲ್ಲಿ ಖಾಸಗಿ ಕಂಪನಿಯ ಕೇಂದ್ರಗಳು ಬಂದವು. ಮೈಸೂರಿನ ಸರದಿ 1935ರಲ್ಲಿ.

ಹಾಗಂತ ಮೈಸೂರಿನ ಕಥೆ ಸಣ್ಣದೇನಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಸರ್ಕಾರವಲ್ಲ, ಒಬ್ಬ ಮೇಷ್ಟ್ರು! ಆ ಕೇಂದ್ರಕ್ಕಿದ್ದ 'ಆಕಾಶವಾಣಿ' ಎಂಬ ಹೆಸರನ್ನೇ ಆಲ್ ಇಂಡಿಯಾ ರೇಡಿಯೋ 1950ರ ದಶಕದಲ್ಲಿ ತನ್ನದಾಗಿಸಿಕೊಂಡಿತು. ಇಷ್ಟೆಲ್ಲ ಇರುವಾಗ ಸುಮ್ನೆ 'ಮೊದಲು' ಅಂತ ಸೇರಿಸುವ ಅಗತ್ಯವೇ ಇರಲಿಲ್ಲ, ಅಲ್ವಾ?