ಗೆದ್ದವರು ಯಾರೆಂದರೆ ಸಾಕೆ, ಏಕೆಂದೂ ಹೇಳಬೇಕೆ?

ಚರ್ಚಾಸ್ಪರ್ಧೆ ಮುಗಿದ ಮೇಲೆ ತೀರ್ಪುಗಾರರು ಬಹುಮಾನಿತರ ಹೆಸರನ್ನಷ್ಟೇ ಪ್ರಕಟಿಸಿದರೆ ಸಾಕೆ, ಅಥವಾ ಆ ತೀರ್ಮಾನಕ್ಕೆ ಬಂದ ಕಾರಣಗಳನ್ನೂ ಅಂದೇ, ಸ್ಪರ್ಧಿಗಳ ಎದುರಿನಲ್ಲೇ ಹೇಳಬೇಕೆ? ಕೊಡಗಿನ ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳನ್ನು ಹತ್ತಿರದಿಂದ ಬಲ್ಲ ಇಬ್ಬರು ಇಲ್ಲಿ ತಮ್ಮ ನಿಲುವನ್ನು ಮಂಡಿಸಿದ್ದಾರೆ. ಮೊದಲನೆಯವರು ಮಕ್ಕಳನ್ನು ಸ್ಪರ್ಧೆಗೆ ಸಿದ್ಧಪಡಿಸಿ ಕರೆದೊಯ್ಯುವ ಪ್ರೌಢಶಾಲಾ ಶಿಕ್ಷಕಿ. ಎರಡನೆಯವರು ಬಹುಕಾಲದಿಂದ ತೀರ್ಪುಗಾರರಾಗಿ ಕುಳಿತಿರುವ ನಿವೃತ್ತ ಉಪನ್ಯಾಸಕರು.

ಪರ: ಕಾರಣವನ್ನು ಅಲ್ಲೇ ಹೇಳಬೇಕು

ಜುಲೈ ತಿಂಗಳ ಒಂದು ಸಂಜೆ ಮಡಿಕೇರಿಯಿಂದ ವಿರಾಜಪೇಟೆಗೆ ಹೊರಟ ಬಸ್ಸಿನಲ್ಲಿ, ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದ ಮಬ್ಬಿನಲ್ಲಿ, ನನ್ನ ಪಕ್ಕ ಕುಳಿತಿದ್ದ ಹತ್ತನೇ ತರಗತಿಯ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದಳು: ‘ಮಿಸ್, ನಾನು ತಪ್ಪಿದ್ದು ಎಲ್ಲಿ?’ ಕಾಡಾನೆಗಳ ಹಾವಳಿ ತಡೆಯಲು ರೈಲು ಕಂಬಿಗಳ ಬೇಲಿಯೇ ಸರಿಯಾದ ಪರಿಹಾರವೆಂಬ ವಿಷಯದ ಪರವಾಗಿ ಅವಳು ಅಂದು ಮಾತನಾಡಿದ್ದಳು. ಬೇಲಿ ಆನೆಯನ್ನು ತಡೆಯುವುದಿಲ್ಲ, ಪಕ್ಕದ ಊರಿಗೆ ಅಟ್ಟುತ್ತದೆ ಅಷ್ಟೇ ಎಂದು ಅವಳಿಗಿಂತ ಮೊದಲು ಮಾತನಾಡಿದ ಹುಡುಗನೊಬ್ಬ ಹೇಳಿದ್ದಕ್ಕೆ, ಸಿದ್ಧಪಡಿಸಿಕೊಂಡು ಬಂದಿದ್ದ ಕೊನೆಯ ಭಾಗವನ್ನೇ ಬಿಟ್ಟು, ತಮ್ಮ ಗದ್ದೆಯ ಅಂಚಿನಲ್ಲಿ ಬೇಲಿ ಎಲ್ಲಿ ನಿಂತುಹೋಗಿದೆ, ಆನೆಗಳು ಎಲ್ಲಿಂದ ಇಳಿದು ಬರುತ್ತವೆ ಎಂಬುದನ್ನು ವಿವರಿಸಿ, ತಪ್ಪು ಬೇಲಿಯದಲ್ಲ, ಅದನ್ನು ಅರ್ಧಕ್ಕೆ ಬಿಟ್ಟದ್ದು ಎಂದು ಉತ್ತರಿಸಿದ್ದಳು. ಚರ್ಚೆಯೆಂದರೆ ಅದೇ ಎಂದು ನಾನು ಅವಳಿಗೆ ಕಲಿಸಿದ್ದೆ. ಬಹುಮಾನ ಬಂದದ್ದು ಯಾರ ಮಾತಿಗೂ ಉತ್ತರಿಸದೆ, ಬಾಯಿಪಾಠ ಮಾಡಿದ್ದನ್ನು ಒಂದು ಅಕ್ಷರವೂ ತಪ್ಪದಂತೆ ಒಪ್ಪಿಸಿದ ಮೂವರಿಗೆ. ತೀರ್ಪು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಸರಿಯೋ ತಪ್ಪೋ ಎಂದು ತಿಳಿಯುವ ದಾರಿಯೇ ನನಗಿರಲಿಲ್ಲ, ಆದ್ದರಿಂದ ಅವಳ ಪ್ರಶ್ನೆಗೆ ಉತ್ತರವೂ ಇರಲಿಲ್ಲ.

ನಮ್ಮ ಸ್ಪರ್ಧೆಗಳ ಕ್ರಮ ಎಲ್ಲರಿಗೂ ಗೊತ್ತಿರುವಂಥದು. ಬೆಳಿಗ್ಗೆ ಚೀಟಿ ಎತ್ತಿಸಿ ಸರದಿ ಗೊತ್ತುಮಾಡುತ್ತಾರೆ. ನಾಲ್ಕು ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಅಂತಿಮ ಗಂಟೆ. ಮೂವರು ತೀರ್ಪುಗಾರರ ಮುಂದೆ ವಿಷಯ ಮಂಡನೆ, ಭಾಷೆ, ಖಂಡನೆ, ಹಾವಭಾವ ಎಂಬ ಕಲಂಗಳಿರುವ ಅಂಕಪಟ್ಟಿಗಳಿರುತ್ತವೆ. ಕೊನೆಯಲ್ಲಿ ಸಂಘಟಕರು ಅವನ್ನು ಸಂಗ್ರಹಿಸಿ, ಕೂಡಿ, ಲಕೋಟೆಗೆ ಹಾಕುತ್ತಾರೆ, ಹೆಸರುಗಳನ್ನು ಓದುತ್ತಾರೆ. ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂದು ಆಮಂತ್ರಣದಲ್ಲೇ ಅಚ್ಚಾಗಿರುತ್ತದೆ. ಅಂತಿಮವಾಗಿರಲಿ, ನನ್ನ ತಕರಾರಿಲ್ಲ. ಅಂತಿಮವಾದ ತೀರ್ಪಿಗೂ ಕಾರಣವಿರಬೇಕಲ್ಲವೆ? ನ್ಯಾಯಾಲಯದ ಅಂತಿಮ ತೀರ್ಪು ಕಾರಣಗಳನ್ನು ಬರೆದೇ ಹೊರಬರುತ್ತದೆ.

ಕಾರಣ ಕೇಳದ ಕಡೆ ಲೆಕ್ಕವೇ ತೀರ್ಪಾಗಿಬಿಡುತ್ತದೆ, ಮತ್ತು ಈ ಲೆಕ್ಕದಲ್ಲಿ ಒಂದು ದೋಷವಿದೆ. ಐವತ್ತು ಅಂಕಗಳಿಗೆ ಮೊದಲ ತೀರ್ಪುಗಾರರು ಒಬ್ಬಳಿಗೆ 38, ಇನ್ನೊಬ್ಬನಿಗೆ 36 ಕೊಟ್ಟರು ಎಂದುಕೊಳ್ಳಿ. ಎರಡನೆಯವರು 37 ಮತ್ತು 35 ಕೊಟ್ಟರು. ಮೂರನೆಯವರು ಕೈಬಿಚ್ಚಿ ಕೊಡುವವರೂ ಕೈಬಿಗಿ ಹಿಡಿಯುವವರೂ ಎರಡೂ ಆಗಿದ್ದು, ಅವಳಿಗೆ 25, ಅವನಿಗೆ 40 ಕೊಟ್ಟರು. ಕೂಡಿದರೆ ಅವಳಿಗೆ 100, ಅವನಿಗೆ 111. ಮೂವರಲ್ಲಿ ಇಬ್ಬರು ಅವಳೇ ಮೇಲೆಂದು ಬಗೆದಿದ್ದರೂ ಗೆದ್ದವನು ಅವನು, ಮತ್ತು ಇದು ಹೀಗಾಯಿತೆಂದು ಆ ಇಬ್ಬರು ತೀರ್ಪುಗಾರರಿಗೂ ತಿಳಿದಿರುವುದಿಲ್ಲ. ಕಾರಣ ಹೇಳಬೇಕಾದ ಕಡ್ಡಾಯವಿದ್ದರೆ ಮೂವರೂ ಒಂದು ಮೇಜಿನ ಸುತ್ತ ಕುಳಿತು ಮಾತನಾಡಲೇಬೇಕಾಗುತ್ತದೆ. 15 ಅಂಕಗಳ ಅಂತರ ಏಕೆಂದು ಮೂರನೆಯವರು ಮಿಕ್ಕ ಇಬ್ಬರಿಗೆ ಒಪ್ಪಿಸಬೇಕು, ಇಲ್ಲವೇ ತಿದ್ದಿಕೊಳ್ಳಬೇಕು.

ಇದು ಎಲ್ಲೂ ಇಲ್ಲದ ಬೇಡಿಕೆಯಲ್ಲ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಶಿಪ್‌ನಲ್ಲಿ ಒಂದು ತಂಡದಿಂದ ಮೂವರು ತಲಾ ಎಂಟು ನಿಮಿಷ ಮಾತನಾಡುತ್ತಾರೆ. ಶೈಲಿಗೆ 40, ವಿಷಯಕ್ಕೆ 40, ತಂತ್ರಕ್ಕೆ 20 ಎಂದು ಅಂಕಗಳನ್ನು ಹಂಚಿದ್ದರೂ ಒಟ್ಟು ಅಂಕ 60ರಿಂದ 80ರ ನಡುವೆಯೇ ಇರಬೇಕು. ಗೆಲುವನ್ನು ನಿರ್ಧರಿಸುವುದು ಕೂಡಿದ ಮೊತ್ತವಲ್ಲ, ಹೆಚ್ಚಿನ ತೀರ್ಪುಗಾರರು ಯಾರ ಕಡೆ ನಿಂತರು ಎಂಬುದು. ತೀರ್ಪುಗಾರರಲ್ಲೊಬ್ಬರು ಎದ್ದು ನಿಂತು ಚರ್ಚೆ ಎಲ್ಲಿ ತಿರುಗಿತು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು ವಿವರಿಸುತ್ತಾರೆ. 2019ರಲ್ಲಿ ಬ್ಯಾಂಕಾಕ್‌ನಲ್ಲಿ ಈ ಚಾಂಪಿಯನ್‌ಶಿಪ್ ಗೆದ್ದದ್ದು ನಮ್ಮ ಭಾರತದ ಮಕ್ಕಳೇ. ಸೋತ ಸುತ್ತಿನ ಕಾರಣ ಕೇಳಿಸಿಕೊಂಡು ಮುಂದಿನ ಸುತ್ತಿಗೆ ತಯಾರಾಗುವ ಆ ಅಭ್ಯಾಸ ನಮ್ಮ ಮಕ್ಕಳಿಗೆ ಏಕೆ ಸಿಗಬಾರದು?

ಕೊಡಗಿನಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ, ನನ್ನ ಪಾಲಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ನನ್ನ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವ ಮಕ್ಕಳಿದ್ದಾರೆ, ಅರೆಭಾಷೆ, ತುಳು, ಮಲಯಾಳ ಆಡುವವರಿದ್ದಾರೆ, ಹಾಡಿಯಿಂದ ಬರುವ ಯರವ ಮಕ್ಕಳಿದ್ದಾರೆ. ಅವರಿಗೆ ಕನ್ನಡ ಶಾಲೆಯಲ್ಲಿ ದಕ್ಕಿದ ಭಾಷೆ. ‘ಭಾಷೆ’ ಎಂಬ ಕಲಂನಲ್ಲಿ ಕಳೆದ ಅಂಕ ತಪ್ಪು ಪದಕ್ಕೆ ಕಳೆದದ್ದೋ, ಅಥವಾ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸಕ್ಕೂ ಮಾತಿನ ರಾಗಕ್ಕೂ ಕಳೆದದ್ದೋ ಎಂದು ಯಾರಿಗೂ ತಿಳಿಯುವುದಿಲ್ಲ. ‘ನಿನ್ನ ವಾದ ಚೆನ್ನಾಗಿತ್ತು, ಆದರೆ ಉಚ್ಚಾರಣೆಗಾಗಿ ನಿನ್ನನ್ನು ನಾಲ್ಕನೆಯ ಸ್ಥಾನಕ್ಕೆ ಇಳಿಸಿದೆ’ ಎಂದು ತುಂಬಿದ ಸಭೆಯಲ್ಲಿ ಹೇಳಬೇಕಾಗಿ ಬಂದರೆ, ಹೆಚ್ಚಿನ ತೀರ್ಪುಗಾರರು ಅಂಕ ಹಾಕುವ ಮೊದಲೇ ಒಮ್ಮೆ ಯೋಚಿಸುತ್ತಾರೆ. ವಿಶ್ವ ವಿಶ್ವವಿದ್ಯಾಲಯ ಚರ್ಚಾ ಚಾಂಪಿಯನ್‌ಶಿಪ್‌ನಲ್ಲಿ ಇಂಗ್ಲಿಷ್ ಎರಡನೆಯ ಭಾಷೆಯಾಗಿರುವವರಿಗೆ ಪ್ರತ್ಯೇಕ ಅಂತಿಮ ಸುತ್ತುಗಳೇ ಇವೆ. ನಾವು ಅಷ್ಟನ್ನು ಕೇಳುತ್ತಿಲ್ಲ. ನಾಲ್ಕು ಮಾತಿನ ವಿವರಣೆಯನ್ನು ಕೇಳುತ್ತಿದ್ದೇವೆ.

ಸಮಯವಿಲ್ಲ ಎನ್ನುವವರಿಗೆ ಒಂದೇ ಮಾತು: ಅತಿಥಿಗಳ ಭಾಷಣಕ್ಕೆ ಮುಕ್ಕಾಲು ಗಂಟೆ ಸಿಗುವ ಸಭೆಯಲ್ಲಿ ಸ್ಪರ್ಧಿಗಳಿಗೆ ಹತ್ತು ನಿಮಿಷ ಸಿಗಬೇಕು.

ವಿರೋಧ: ವೇದಿಕೆ ಅದಕ್ಕೆ ತಕ್ಕ ಜಾಗವಲ್ಲ

ಬಸ್ಸಿನಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಸಿಗಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಕಗಳನ್ನು ಕೂಡುವ ಪದ್ಧತಿಯ ಬಗ್ಗೆ ಶಿಕ್ಷಕಿಯವರು ಹೇಳಿದ್ದಂತೂ ಪೂರ್ತಿ ಸರಿ. ಆ ದೋಷವನ್ನು ನಾನೂ ಕಂಡಿದ್ದೇನೆ, ಅಂಕಗಳ ಬದಲು ಸ್ಥಾನಗಳನ್ನು ಕೂಡಿದರೆ ಅದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಅದಕ್ಕೆ ವೇದಿಕೆಯ ಮೇಲಿನ ವಿವರಣೆ ಬೇಕಾಗಿಲ್ಲ. ನನ್ನ ವಿರೋಧವಿರುವುದು ಎಲ್ಲರ ಎದುರಿನಲ್ಲಿ, ಅದೇ ಗಳಿಗೆಯಲ್ಲಿ, ಬಾಯಿಮಾತಿನಲ್ಲಿ ಎಂಬ ಮೂರು ಷರತ್ತುಗಳಿಗೆ.

ಅಂತರರಾಷ್ಟ್ರೀಯ ಪದ್ಧತಿಯ ಉದಾಹರಣೆ ಕೊಡುವಾಗ ಅದರ ಪೂರ್ಣ ಚಿತ್ರವನ್ನು ಕೊಡಬೇಕು. 1981ರಲ್ಲಿ ಗ್ಲಾಸ್ಗೊದಲ್ಲಿ ಆರಂಭವಾದ ವಿಶ್ವ ವಿಶ್ವವಿದ್ಯಾಲಯ ಚಾಂಪಿಯನ್‌ಶಿಪ್‌ನಲ್ಲಿ ಒಂದು ಕೋಣೆಯಲ್ಲಿ ಇರುವುದು ನಾಲ್ಕು ತಂಡ, ತಂಡಕ್ಕೆ ಇಬ್ಬರು, ತಲಾ ಏಳು ನಿಮಿಷ. ತೀರ್ಪುಗಾರರು ಎಂಟು ಭಾಷಣಗಳನ್ನು ಬರೆದುಕೊಂಡು, ಅವು ಒಂದಕ್ಕೊಂದು ಹೇಗೆ ಎದುರಾದವು ಎಂದು ತಮ್ಮತಮ್ಮಲ್ಲಿ ಚರ್ಚಿಸಿ, ಮೊದಲನೆಯ ತಂಡಕ್ಕೆ 3, ನಂತರದವಕ್ಕೆ 2, 1, 0 ಎಂದು ಕೊಡುತ್ತಾರೆ. ಒಂಬತ್ತು ಪ್ರಾಥಮಿಕ ಸುತ್ತುಗಳಿವೆ, ಸಮಾನ ಅಂಕ ಗಳಿಸಿದ ತಂಡಗಳೇ ಮುಂದಿನ ಸುತ್ತಿನಲ್ಲಿ ಎದುರಾಗುತ್ತವೆ. ಇಂದು ಬೆಳಿಗ್ಗೆ ಸೋತ ಕಾರಣ ಕೇಳಿದವರು ಮಧ್ಯಾಹ್ನವೇ ತಿದ್ದಿಕೊಳ್ಳಬಹುದು. ಅಲ್ಲಿಯೂ ವೈಯಕ್ತಿಕ ಅಂಕಗಳನ್ನು ಕೋಣೆಯಲ್ಲಿ ಹೇಳುವುದಿಲ್ಲ, ಕೊನೆಯ ಮೂರು ಪ್ರಾಥಮಿಕ ಸುತ್ತುಗಳಲ್ಲಂತೂ ಫಲಿತಾಂಶವನ್ನೂ ಹೇಳದೆ ಕಾಯ್ದಿರಿಸುತ್ತಾರೆ. ತೀರ್ಪುಗಾರರ ಗುಣಮಟ್ಟದ ಬಗ್ಗೆ ತಂಡಗಳೇ ಅಭಿಪ್ರಾಯ ಬರೆದು ಕೊಡುತ್ತವೆ.

ನಮ್ಮಲ್ಲಿ? ಒಂದೇ ದಿನ, ಒಂದೇ ಸಭಾಂಗಣ, ಮೂವತ್ತಾರು ಸ್ಪರ್ಧಿಗಳು ಸಾಲಾಗಿ. ಐದೈದು ನಿಮಿಷವೆಂದರೂ ಬರಿಯ ಮಾತಿಗೆ ಮೂರು ಗಂಟೆ. ಹದಿನೇಳನೆಯವನು ಹನ್ನೊಂದನೆಯವಳಿಗೆ ಉತ್ತರಿಸಿದನೇ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದೇ ಕಷ್ಟವಿರುವಾಗ, ಮೂವತ್ತಾರು ಜನರಿಗೂ ಒಪ್ಪುವಂತೆ ಹತ್ತು ನಿಮಿಷದಲ್ಲಿ ಕಾರಣ ಹೇಳುವುದೆಂದರೆ ಏನಾಗುತ್ತದೆ? ಬಹುಮಾನ ಪಡೆದ ಮೂವರ ಹೊಗಳಿಕೆಯಾಗುತ್ತದೆ, ‘ಉಳಿದವರೂ ಚೆನ್ನಾಗಿ ಮಾತನಾಡಿದರು’ ಎಂಬ ಮಾತಾಗುತ್ತದೆ. ಕಾರಣವೆಂಬ ಹೆಸರಿನಲ್ಲಿ ಸಿಗುವ ಇಂಥ ಮಾತು ಮೌನಕ್ಕಿಂತ ಹಾನಿಕರ, ಏಕೆಂದರೆ ಮಕ್ಕಳು ಅದನ್ನು ನಿಜವೆಂದು ನಂಬಿ ಮುಂದಿನ ವರ್ಷ ಹಾಗೆಯೇ ತಯಾರಾಗಿ ಬರುತ್ತಾರೆ.

ನಾನು ಒಮ್ಮೆ ಕಾರಣ ಹೇಳಿದ್ದೇನೆ. ಒಂದು ಕಾಲೇಜಿನ ಸಭಾಂಗಣದಲ್ಲಿ, ಪ್ರಾಂಶುಪಾಲರು ಕೇಳಿಕೊಂಡರೆಂದು ಎದ್ದು ನಿಂತು, ಪ್ರಾಮಾಣಿಕವಾಗಿ, ಯಾರ ಹೆಸರನ್ನೂ ಎತ್ತದೆ, ‘ಒಬ್ಬ ಸ್ಪರ್ಧಿ ಅಂಕಿ ಅಂಶಗಳನ್ನು ಚೆನ್ನಾಗಿ ಹೇಳಿದರು, ಆದರೆ ಎದುರಾಳಿಯ ಪ್ರಶ್ನೆ ಬಂದೊಡನೆ ತಡವರಿಸಿದರು’ ಎಂದೆ. ಹೆಸರು ಹೇಳದಿದ್ದರೇನು, ತಡವರಿಸಿದವಳು ಒಬ್ಬಳೇ. ಸಭೆಯ ತಲೆಗಳೆಲ್ಲ ಅವಳ ಕಡೆ ತಿರುಗಿದವು. ಮೂರನೆಯ ಸಾಲಿನಲ್ಲಿ ಅವಳ ತಂದೆಯೂ ಕುಳಿತಿದ್ದರು. ಆ ಹುಡುಗಿ ತನ್ನ ಕೈಯಲ್ಲಿದ್ದ ಟಿಪ್ಪಣಿ ಹಾಳೆಯನ್ನು ಮಡಿಚುತ್ತ ಮಡಿಚುತ್ತ ಬೆರಳಿನಷ್ಟು ಸಣ್ಣದು ಮಾಡಿದ್ದನ್ನು ನಾನು ವೇದಿಕೆಯಿಂದ ನೋಡಿದೆ. ಮರುವರ್ಷ ಅದೇ ಕಾಲೇಜಿನಿಂದ ಬೇರೆಯವರು ಬಂದರು. ಅವಳೆಲ್ಲಿ ಎಂದು ಕೇಳಿದ್ದಕ್ಕೆ ‘ಅವಳು ಸ್ಪರ್ಧೆ ಬಿಟ್ಟಳು ಸರ್’ ಎಂಬ ಉತ್ತರ ಸಿಕ್ಕಿತು. ನಾನು ಹೇಳಿದ್ದು ಸರಿಯಾದ ಕಾರಣವೇ ಆಗಿತ್ತು.

ಕೊಡಗು ಚಿಕ್ಕ ಜಿಲ್ಲೆ. ಮನೆತನದ ಹೆಸರು ಹೇಳಿದರೆ ಊರು ಗೊತ್ತಾಗುತ್ತದೆ, ಊರು ಹೇಳಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ವೇದಿಕೆಯ ಮೇಲೆ ಆಡಿದ ಮಾತು ಸಂತೆಯ ದಿನಕ್ಕೆ ಮನೆ ತಲುಪಿರುತ್ತದೆ. ಇಂಥ ಕಡೆ ತೀರ್ಪುಗಾರನೂ ಊರಿನವನೇ, ಅವನಿಗೆ ಸಿಗುವುದು ಒಂದು ಶಾಲು, ಒಂದು ಸ್ಮರಣಿಕೆ, ಕೆಲವೊಮ್ಮೆ ಬಸ್ಸಿನ ಖರ್ಚು. ಈಗಲೇ ಮೂವರನ್ನು ಹೊಂದಿಸುವಷ್ಟರಲ್ಲಿ ಸಂಘಟಕರು ಹತ್ತು ಜನಕ್ಕೆ ಫೋನ್ ಮಾಡಿರುತ್ತಾರೆ. ಪ್ರತಿ ತೀರ್ಪಿಗೂ ಸಭೆಯ ಎದುರು ಸಮರ್ಥನೆ ಕೊಡಬೇಕು, ಪೋಷಕರ ಪ್ರಶ್ನೆ ಎದುರಿಸಬೇಕು ಎಂದಾದರೆ ನಿಷ್ಠುರ ಕಟ್ಟಿಕೊಳ್ಳಲು ಹೆದರುವ ಒಳ್ಳೆಯವರು ಮೊದಲು ದೂರವಾಗುತ್ತಾರೆ. ಉಳಿಯುವವರು ಅಂಕ ಕೊಡುವಾಗಲೇ ಸಮರ್ಥಿಸಲು ಸುಲಭವಾದದ್ದನ್ನು ಆರಿಸುತ್ತಾರೆ. ಗಂಟೆಗೆ ಮೊದಲು ಮುಗಿಸಿದನೇ, ಗಾದೆ ಹೇಳಿದನೇ, ಅಂಕಿ ಅಂಶ ಕೊಟ್ಟನೇ ಎಂಬುದನ್ನು ಎಣಿಸಿ ತೋರಿಸಬಹುದು. ವಾದದ ಆಳವನ್ನು ಹಾಗೆ ಎಣಿಸಿ ತೋರಿಸಲಾಗುವುದಿಲ್ಲ. ಬಾಯಿಪಾಠಕ್ಕೆ ಬಹುಮಾನ ಹೋಗುತ್ತದೆಂದು ಶಿಕ್ಷಕಿಯವರು ನೊಂದಿದ್ದಾರೆ. ಅವರು ಸೂಚಿಸುವ ದಾರಿ ಅದೇ ಬಾಯಿಪಾಠವನ್ನು ಇನ್ನಷ್ಟು ಭದ್ರಪಡಿಸುತ್ತದೆಂಬುದು ನನ್ನ ಆತಂಕ.

ಸಮಯದ ಮಾತನ್ನು ಅವರು ಬೇಗ ತಳ್ಳಿಹಾಕಿದರು. ರೈಲಿಲ್ಲದ ಈ ಜಿಲ್ಲೆಯಲ್ಲಿ ಒಳಗಿನ ಊರಿಗೆ ಸಂಜೆಯ ಬಸ್ಸು ತಪ್ಪಿದರೆ ಮಳೆಗಾಲದಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಜೀಪಿಗಾಗಿ ಕಾಯಬೇಕಾಗುತ್ತದೆ, ಕೆಲವು ದಾರಿಗಳಲ್ಲಿ ಕತ್ತಲಾದ ಮೇಲೆ ಆನೆಯ ಭಯ. ಅತಿಥಿಗಳ ಭಾಷಣ ಕಡಿಮೆಯಾಗಲಿ, ಖಂಡಿತ. ಆ ಉಳಿದ ಸಮಯದಲ್ಲಿ ಪ್ರತಿ ಸ್ಪರ್ಧಿಗೂ ಎದುರಾಳಿಯ ಒಂದು ಪ್ರಶ್ನೆಗೆ ಉತ್ತರಿಸಲು ಒಂದು ನಿಮಿಷ ಕೊಟ್ಟರೆ ಚರ್ಚೆಯಾದರೂ ಚರ್ಚೆಯಾಗುತ್ತದೆ.

ಭಾಷೆಯ ವಿಷಯದಲ್ಲಿ ನಾನು ಅವರೊಂದಿಗಿದ್ದೇನೆ. ಆದರೆ ಉಚ್ಚಾರಣೆಗೆ ಅಂಕ ಕಳೆಯುವವರನ್ನು ತಡೆಯಬೇಕಾದದ್ದು ಅಂಕ ಹಾಕುವ ಮೊದಲು. ಉಚ್ಚಾರಣೆಯನ್ನು ಪರಿಗಣಿಸಬಾರದೆಂದು ಅಂಕಪಟ್ಟಿಯ ತಲೆಯಲ್ಲೇ ಅಚ್ಚುಹಾಕಿಸಬಹುದು, ಶಾಲೆಯ ಹೆಸರಿಲ್ಲದೆ ಸಂಖ್ಯೆಯಿಂದಷ್ಟೇ ಸ್ಪರ್ಧಿಗಳನ್ನು ಕರೆಯಬಹುದು, ಬೆಳಿಗ್ಗೆ ಅರ್ಧ ಗಂಟೆ ಮೂವರು ತೀರ್ಪುಗಾರರೂ ಕೂತು ಯಾವುದಕ್ಕೆ ಎಷ್ಟು ಎಂದು ಮಾತಾಡಿಕೊಳ್ಳಬಹುದು. ಕಾರಣವನ್ನು ಬರವಣಿಗೆಯಲ್ಲಿ ಕೊಡಬಹುದು: ಪ್ರತಿ ಸ್ಪರ್ಧಿಗೆ ಎರಡು ಸಾಲು, ಮುಚ್ಚಿದ ಲಕೋಟೆಯಲ್ಲಿ, ಅವರ ಶಿಕ್ಷಕರ ಕೈಗೆ. ಬಸ್ಸಿನಲ್ಲಿ ಆ ಹುಡುಗಿ ಪ್ರಶ್ನೆ ಕೇಳಿದಾಗ ಶಿಕ್ಷಕಿಯವರ ಚೀಲದಲ್ಲಿ ಆ ಲಕೋಟೆ ಇರುತ್ತಿತ್ತು.

ಆ ಏರ್ಪಾಡು ಬರುವವರೆಗೆ ನಾನು ಮಾಡುವುದು ಇಷ್ಟು. ನಾನು ಸ್ಪರ್ಧೆಗೊಂದು ನೋಟ್‌ಬುಕ್ ಒಯ್ಯುತ್ತೇನೆ, ಒಬ್ಬೊಬ್ಬರಿಗೆ ಅರ್ಧ ಪುಟ. ಬಹುಮಾನ ವಿತರಣೆ ಮುಗಿದ ಮೇಲೆ ಹೊರಗಿನ ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೂವತ್ತಾರರಲ್ಲಿ ಮೂವರೋ ನಾಲ್ವರೋ ಛತ್ರಿ ಮಡಿಸುತ್ತ ಹತ್ತಿರ ಬಂದು ‘ಸರ್, ನನ್ನದು ಇಪ್ಪತ್ತೆರಡನೇ ನಂಬರ್’ ಎನ್ನುತ್ತಾರೆ. ಆ ಪುಟ ತೆಗೆದು, ಅವರಿಗೆ ಮಾತ್ರ ಕೇಳಿಸುವಂತೆ ಓದುತ್ತೇನೆ.